60 ಅಡಿ, 80 ಅಡಿ ರಸ್ತೆ: ಬೆಳೆಯುವ ಬಡಾವಣೆಗಳ ನಡುವೆ ಸಂಗ್ರಾಹಕ ರಸ್ತೆ ಯೋಜಿಸುವ ಬಗೆ

ಬಡಾವಣೆಯ 30 ಅಡಿ, 40 ಅಡಿ ಅಡ್ಡರಸ್ತೆಗಳಿಂದ ಬರುವ ವಾಹನಗಳನ್ನು ಒಟ್ಟುಮಾಡಿ ರಿಂಗ್ ರೋಡಿಗೋ ಹೆದ್ದಾರಿಗೋ ಮುಟ್ಟಿಸುವುದು ಸಂಗ್ರಾಹಕ ರಸ್ತೆಯ ಕೆಲಸ. ನಾಮಫಲಕದಲ್ಲಿ ಅದು ‘60 ಅಡಿ ರಸ್ತೆ’ ಅಥವಾ ‘80 ಅಡಿ ರಸ್ತೆ’ ಆಗಿರುತ್ತದೆ. ಬಸ್ಸು ಓಡುವುದು ಇದರ ಮೇಲೆ, ಹಾಲಿನ ಬೂತು, ಮೆಡಿಕಲ್ ಶಾಪು, ದರ್ಶಿನಿ ಬರುವುದು ಇದರ ಬದಿಗೆ, ಯುಜಿಡಿ (ಒಳಚರಂಡಿ) ಮುಖ್ಯ ಕೊಳವೆ ಹೋಗುವುದು ಇದರ ಅಡಿಗೆ.

ಕರ್ನಾಟಕದ ಊರುಗಳ ಹೊರವಲಯದಲ್ಲಿ ಇಂಥ ರಸ್ತೆ ಕೆಡುವುದು ಡಾಂಬರಿನಿಂದಲ್ಲ. ಬಡಾವಣೆಗಳಿಗೆ ಅನುಮೋದನೆ ಸಿಗುವುದು ಒಂದೊಂದೇ ಸರ್ವೆ ನಂಬರಿಗೆ, ಬೇರೆ ಬೇರೆ ವರ್ಷಗಳಲ್ಲಿ. ಮೊದಲ ಬಡಾವಣೆಯಲ್ಲಿ 60 ಅಡಿ ಇದ್ದ ರಸ್ತೆ ನಡುವಿನ ರಾಗಿ ಹೊಲದಲ್ಲಿ ಬಂಡಿ ದಾರಿಯಾಗುತ್ತದೆ, ಆಚೆಯ ಬಡಾವಣೆಯಲ್ಲಿ 40 ಅಡಿಯಾಗಿ, ಅದೂ ಹತ್ತು ಮೀಟರ್ ಪಕ್ಕಕ್ಕೆ ಸರಿದು ಮುಂದುವರಿಯುತ್ತದೆ. ಅಂಥ ರಸ್ತೆಯ ಸಾಮರ್ಥ್ಯ ಅದರ ಅತಿ ಕಿರಿದಾದ ಐವತ್ತು ಮೀಟರಿನಷ್ಟೇ. ಉಳಿದ ಅಗಲವೆಲ್ಲ ಕಾರು ನಿಲ್ಲಿಸಲು, ಕಟ್ಟಡದ ಸಾಮಾನು ಸುರಿಯಲು. ಆದ್ದರಿಂದ ಯೋಜನೆಗಿರುವ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೆಲಕ್ಕೆ ಮತ್ತು ಎರಡು ತುದಿಗಳಿಗೆ ಕೊಡಿ.

ಮೊದಲು ನೆಲದ ಕಾಗದ

ಗ್ರಾಮ ನಕ್ಷೆ, ಸಂಬಂಧಪಟ್ಟ ಎಲ್ಲ ಸರ್ವೆ ನಂಬರುಗಳ ಟಿಪ್ಪಣಿ (ಅಳತೆ ನಕ್ಷೆ) ಮತ್ತು ಆಕಾರ್‌ಬಂದ್ (ವಿಸ್ತೀರ್ಣದ ದಾಖಲೆ), ಪಹಣಿ, ಜಾರಿಯಲ್ಲಿರುವ ಮಾಸ್ಟರ್ ಪ್ಲಾನ್ ಹಾಳೆ, ಈಗಾಗಲೇ ಮಂಜೂರಾದ ಬಡಾವಣೆ ನಕ್ಷೆಗಳು: ಇಷ್ಟನ್ನೂ ಒಂದೇ ಅಳತೆಗೆ ತಂದು ಒಂದರ ಮೇಲೊಂದು ಇಡಿ. ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಮೊದಲ ಅಂದಾಜಿಗೆ ಸಾಕು, ಗಡಿ ಕಲ್ಲು ನೆಡಲು ಸಾಲದು. ಅದಕ್ಕೆ ಭೂಮಾಪಕರ ಅಳತೆಯೇ ಬೇಕು.

ಈ ನಕ್ಷೆಗಳಲ್ಲಿ ನಾಲ್ಕು ಸಂಗತಿ ಹುಡುಕಬೇಕು. ಒಂದು, ನಕಾಶೆ ಕಂಡ ದಾರಿ (ಗ್ರಾಮ ನಕ್ಷೆಯಲ್ಲಿ ಗುರುತಾದದ್ದು) ಮತ್ತು ಬಂಡಿ ದಾರಿಗಳು. ಇವು ಬಿ ಖರಾಬಿನಲ್ಲಿದ್ದರೆ ಸಾರ್ವಜನಿಕ ನೆಲ, ಅಷ್ಟು ಉದ್ದಕ್ಕೆ ಪರಿಹಾರದ ಮಾತೇ ಇಲ್ಲ. ಎರಡು, ಹಳ್ಳ ಮತ್ತು ರಾಜಕಾಲುವೆ. ಇವೂ ಬಿ ಖರಾಬೇ. ‘ಹೇಗಿದ್ದರೂ ಸರ್ಕಾರಿ ಜಾಗ, ಮೇಲೆ ಸ್ಲ್ಯಾಬ್ ಹಾಕಿ ರಸ್ತೆ ಮಾಡೋಣ’ ಎಂಬ ಸಲಹೆ ಪ್ರತಿ ಸಭೆಯಲ್ಲೂ ಯಾರಾದರೊಬ್ಬರ ಬಾಯಿಂದ ಬಂದೇ ಬರುತ್ತದೆ. ಮುಚ್ಚಿದ ಕಾಲುವೆಯ ಹೂಳೆತ್ತಲು ಆಗುವುದಿಲ್ಲ, ಹೂಳು ತುಂಬಿದ ಕಾಲುವೆ ನೀರನ್ನು ರಸ್ತೆಗೇ ಕಳಿಸುತ್ತದೆ. ಕಾಲುವೆಯನ್ನು ಅಡ್ಡ ದಾಟಬಹುದು, ಅದರ ಮೇಲೆ ಉದ್ದಕ್ಕೆ ಹೋಗಬಾರದು. ಕಾಲುವೆ ಪಕ್ಕ ಬಿಡಬೇಕಾದ ಅಂತರ ಆಗಾಗ ಬದಲಾಗಿದೆ. ಬೆಂಗಳೂರಿನ 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್‌ನಲ್ಲಿ ಪ್ರಾಥಮಿಕ ಕಾಲುವೆಗೆ 50 ಮೀ, ದ್ವಿತೀಯಕ್ಕೆ 25 ಮೀ, ತೃತೀಯಕ್ಕೆ 15 ಮೀ ಎಂದಿತ್ತು. ನಿಮ್ಮ ಊರಿಗೆ ಇಂದು ಅನ್ವಯಿಸುವುದನ್ನು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಪಡೆಯಿರಿ. ಮೂರು, ಕೆಪಿಟಿಸಿಎಲ್ ಹೈಟೆನ್ಷನ್ ಗೋಪುರಗಳು. ನಾಲ್ಕು, ದೊಡ್ಡ ಮರ, ಗುಡಿ, ಸ್ಮಶಾನ, ತೆರೆದ ಬಾವಿ. ಈ ನಾಲ್ಕನೆಯದು ನಕ್ಷೆಯಲ್ಲಿ ಪೂರ್ತಿ ಸಿಗುವುದಿಲ್ಲ, ಊರಿನ ಹಿರಿಯರೊಬ್ಬರ ಜೊತೆ ಕಾಲ್ನಡಿಗೆಯಲ್ಲಿ ಹೋಗಬೇಕು. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬುದೂ ಅವರಿಗೇ ಗೊತ್ತು. ಮರ ಕಡಿಯಲೇಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ರಸ್ತೆಯನ್ನೇ ಎರಡು ಮೀಟರ್ ಸರಿಸುವುದು ಬಹುತೇಕ ಅಗ್ಗ.

ನೆಲದ ಲೆಕ್ಕ ಹೀಗೆ: 1.2 ಕಿಮೀ ಉದ್ದದ 24 ಮೀ ರಸ್ತೆಗೆ 28,800 ಚದರ ಮೀಟರ್, ಅಂದರೆ ಸುಮಾರು 7 ಎಕರೆ 5 ಗುಂಟೆ. ಅದೇ 18 ಮೀ ಆದರೆ 5 ಎಕರೆ 14 ಗುಂಟೆ. ಇಲ್ಲೊಂದು ಸಣ್ಣ ಮುಳ್ಳು ಇದೆ. 80 ಅಡಿ ಎಂದರೆ 24.38 ಮೀ. ಹಳೆಯ ನಕ್ಷೆ ಅಡಿಯಲ್ಲಿ, ಹೊಸದು ಮೀಟರಿನಲ್ಲಿ ಇದ್ದರೆ ಮೂವತ್ತೆಂಟು ಸೆಂಟಿಮೀಟರಿಗೆ ಕಾಂಪೌಂಡ್ ಜಗಳ ಶುರುವಾಗುತ್ತದೆ. ಯಾವ ಅಳತೆ ಅಂತಿಮ ಎಂದು ಮೊದಲ ಹಾಳೆಯಲ್ಲೇ ಬರೆಯಿರಿ.

ನೆಲ ಬರುವ ದಾರಿ ಮೂರು. ಬಡಾವಣೆಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಅನುಮೋದನೆ ಕೊಡುವಾಗ ರಸ್ತೆ, ಉದ್ಯಾನದ ಜಾಗವನ್ನು ಮಾಲೀಕರು ಬಿಟ್ಟುಕೊಡಬೇಕು. ಮಾಸ್ಟರ್ ಪ್ಲಾನ್ ರಸ್ತೆ ಆ ಜಮೀನಿನಲ್ಲಿ ಹಾದರೆ ಅದೂ ಅದರಲ್ಲೇ ಸೇರುತ್ತದೆ. ಎರಡು ಬಡಾವಣೆಗಳ ನಡುವೆ ಉಳಿದ, ಇನ್ನೂ ಭೂಪರಿವರ್ತನೆಯಾಗದ ಹೊಲಕ್ಕೆ ಟಿಡಿಆರ್ (ನೆಲದ ಬದಲಿಗೆ ಕೊಡುವ, ಮಾರಬಹುದಾದ ಕಟ್ಟಡ ಹಕ್ಕು) ಅಥವಾ ನೇರ ಖರೀದಿ. ಅದೂ ಆಗದಿದ್ದರೆ 2013ರ ಕಾಯ್ದೆಯಡಿ ಭೂಸ್ವಾಧೀನ. ಸ್ವಾಧೀನಕ್ಕೆ ವರ್ಷಗಳೇ ಹಿಡಿಯುವುದರಿಂದ ಮಧ್ಯದ ಹೊಲದ ಮಾತುಕತೆಯನ್ನು ಎಲ್ಲಕ್ಕಿಂತ ಮೊದಲು ಶುರುಮಾಡಿ. ಸಾಮಾನ್ಯವಾಗಿ ಇದರ ತಿರುಗುಮುರುಗು ನಡೆಯುತ್ತದೆ: ಸುಲಭದ ಎರಡು ತುದಿ ಡಾಂಬರಾಗಿ, ನಡುವಿನ ಜಮೀನಿನ ಬೆಲೆ ನಾಲ್ಕು ಪಟ್ಟಾದ ಮೇಲೆ ರೈತನ ಮನೆ ಬಾಗಿಲು ತಟ್ಟುತ್ತಾರೆ.

ಬಿಟ್ಟುಕೊಟ್ಟ ಪತ್ರ ನೋಂದಣಿಯಾದರೆ ಕೆಲಸ ಮುಗಿಯಲಿಲ್ಲ. ರಸ್ತೆಯ ಭಾಗಕ್ಕೆ ಪೋಡಿಯಾಗಿ (ಅಳೆದು ಬೇರ್ಪಡಿಸಿ) ಪ್ರತ್ಯೇಕ ಹಿಸ್ಸಾ ನಂಬರು ಬರಬೇಕು, ಮ್ಯುಟೇಶನ್ ಆಗಿ ಪಹಣಿಯ ಮಾಲೀಕರ ಕಾಲಮಿನಲ್ಲಿ ಪ್ರಾಧಿಕಾರದ ಅಥವಾ ಸ್ಥಳೀಯ ಸಂಸ್ಥೆಯ ಹೆಸರು ಕೂರಬೇಕು. ಪಹಣಿ ಹಳೆಯ ಹೆಸರಿನಲ್ಲೇ ಉಳಿದರೆ, ಮುಂದಿನ ತಲೆಮಾರಿನವರು ಅದನ್ನೇ ಸೈಟ್ ಮಾಡಿ ಮಾರುತ್ತಾರೆ. ಕೊಂಡವನು ಕೋರ್ಟಿನಿಂದ ತಡೆ ತರುತ್ತಾನೆ. ಇದು ಆದ ಕೂಡಲೇ ಎರಡೂ ಬದಿಗೆ 30 ಮೀಟರಿಗೊಂದು, ತಿರುವಿನಲ್ಲಿ 10 ಮೀಟರಿಗೊಂದು ಗಡಿ ಕಲ್ಲು ನೆಟ್ಟು, ಅಕ್ಷಾಂಶ ರೇಖಾಂಶ ದಾಖಲಿಸಿ. ರಸ್ತೆ ಮಾಡಲು ಐದು ವರ್ಷ ಹಿಡಿದರೂ ಕಲ್ಲು ಈಗಲೇ ಇರಲಿ.

ಎರಡು ತುದಿ ಮತ್ತು ನಡುವಿನ ಗೆರೆ

ತುದಿಗಳು ಮೇಲಿನ ದರ್ಜೆಯ ರಸ್ತೆಗೇ ಸೇರಬೇಕು. ಒಂದು ತುದಿ ರಿಂಗ್ ರೋಡಿಗೆ ಸೇರಿ ಇನ್ನೊಂದು ಹಳೆಯ ಗ್ರಾಮಠಾಣೆಯ 12 ಅಡಿ ಬೀದಿಗೆ ಕೂಡಿದರೆ, ಊರೊಳಗಿನ ರಥಬೀದಿ ಬೈಪಾಸ್ ಆಗಿಬಿಡುತ್ತದೆ. ಗ್ರಾಮಠಾಣೆಯನ್ನು ಸುತ್ತುಹಾಕಿ ಹೋಗಿ, ಒಳಗೆ ನುಗ್ಗಬೇಡಿ.

ಆದರೆ ಎರಡು ಹೆದ್ದಾರಿಗಳ ನಡುವೆ ಕಣ್ಣು ಮುಚ್ಚಿ ಓಡಿಸಬಹುದಾದ ನೇರ ಗೆರೆಯೂ ಬೇಡ. ಹಾಗೆ ಮಾಡಿದರೆ ಟಿಪ್ಪರು, ಖಾಸಗಿ ಬಸ್ಸು ಎಲ್ಲವೂ ಟೋಲೋ ಸಿಗ್ನಲ್ಲೋ ತಪ್ಪಿಸಲು ಇಲ್ಲಿಗೇ ಬರುತ್ತವೆ. 300–400 ಮೀಟರಿಗೊಂದು ಮೆದು ತಿರುವು ಅಥವಾ ವೃತ್ತ ಇದ್ದರೆ ವೇಗ ತಾನಾಗಿ ಇಳಿಯುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐಆರ್‌ಸಿ) 1983ರ ಸಂಹಿತೆ ಐಆರ್‌ಸಿ:86 ಸಂಗ್ರಾಹಕ ರಸ್ತೆಗೆ ಹೇಳಿದ್ದ ವಿನ್ಯಾಸ ವೇಗ ಗಂಟೆಗೆ 50 ಕಿಮೀ. ಅದಕ್ಕೆ ಶೇ 4 ಸೂಪರ್‌ಎಲಿವೇಶನ್ (ತಿರುವಿನ ಹೊರ ಅಂಚನ್ನು ಎತ್ತರಿಸುವುದು) ಇಟ್ಟರೆ ತಿರುವಿನ ತ್ರಿಜ್ಯ ಕನಿಷ್ಠ 105 ಮೀ, ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೃಷ್ಟಿದೂರ 60 ಮೀ. 40 ಕಿಮೀ ವೇಗಕ್ಕೆ ದೃಷ್ಟಿದೂರ 45 ಮೀ ಸಾಕು. ಮನೆಗಳ ಗೇಟು ನೇರ ರಸ್ತೆಗೆ ತೆರೆಯುವ ಕಡೆ, ಶಾಲೆ ಇರುವ ಕಡೆ 40ಕ್ಕೇ ವಿನ್ಯಾಸ ಮಾಡುವುದು ಸರಿ. ಫಲಕದಲ್ಲಿ ‘30 ಕಿಮೀ’ ಬರೆದು ರಸ್ತೆಯನ್ನು 60ಕ್ಕೆ ಕಟ್ಟಿದರೆ ಜನ ನಂಬುವುದು ರಸ್ತೆಯನ್ನೇ.

ಅರ್ಧ ಮೀಟರ್ ಅಂತರದ ಕಾಂಟೂರ್ (ನೆಲದ ಏರಿಳಿತದ) ಸರ್ವೆ ಮಾಡಿಸದೆ ಗೆರೆ ಅಂತಿಮ ಮಾಡಬೇಡಿ. ಉದ್ದದ ಇಳಿಜಾರು ಶೇ 0.5 ಇದ್ದರೆ ಒಳ್ಳೆಯದು, ಶೇ 0.3ಕ್ಕಿಂತ ಕಡಿಮೆಯಾದರೆ ಕರ್ಬ್ (ಫುಟ್‌ಪಾತಿನ ಅಂಚುಗಲ್ಲು) ಪಕ್ಕ ನೀರು ನಿಲ್ಲುತ್ತದೆ. ಮೇಲಿನ ಮಿತಿ ಶೇ 4. ಮಡಿಕೇರಿ, ಮಂಗಳೂರಿನಂಥ ಏರುಪೇರಿನ ನೆಲದಲ್ಲಿ ಇದನ್ನು ಹಿಡಿಯಲು ಗೆರೆಯನ್ನು ಗುಡ್ಡದ ಓರೆಗೆ ಒಯ್ಯಬೇಕಾಗುತ್ತದೆ, ಉದ್ದ ಹೆಚ್ಚಾದರೂ ಸರಿ.

ಎಷ್ಟು ಅಗಲ ಬೇಕು

ಅಗಲದ ಚರ್ಚೆ ‘80 ಅಡಿ ಬೇಕು, 100 ಅಡಿ ಬೇಕು’ ಎಂಬ ಹರಾಜಾಗದಂತೆ ಲೆಕ್ಕದಿಂದ ಶುರುಮಾಡಿ. ಒಂದು ಉದಾಹರಣೆ. ರಸ್ತೆಯ ವ್ಯಾಪ್ತಿಯಲ್ಲಿ ಎಲ್ಲ ಸೈಟುಗಳೂ ತುಂಬಿದಾಗ 2,500 ಮನೆ ಎಂದಿಟ್ಟುಕೊಳ್ಳಿ. ಬೆಳಗಿನ ಗರಿಷ್ಠ ಗಂಟೆಯಲ್ಲಿ ಮನೆಗೆ 0.6 ವಾಹನ ಪ್ರಯಾಣ ಎಂದು ಊಹಿಸಿದರೆ 1,500. ಈ 0.6 ಅನ್ನು ಪಕ್ಕದ, ತುಂಬಿದ ಬಡಾವಣೆಯ ಬಾಯಲ್ಲಿ ನಿಂತು ಎಣಿಸಿ ಸರಿಪಡಿಸಿಕೊಳ್ಳಬೇಕು. ಐಆರ್‌ಸಿ:106ರ ಪಿಸಿಯು (ಒಂದು ವಾಹನ ಎಷ್ಟು ಕಾರಿಗೆ ಸಮ ಎಂಬ ಅಳತೆ) ಗುಣಕ ಹಾಕಿದರೆ:

- ದ್ವಿಚಕ್ರ 975 × 0.75 = 731
- ಕಾರು 375 × 1.0 = 375
- ಆಟೊ 90 × 1.2 = 108
- ಬಸ್ಸು, ಲಾರಿ 60 × 2.2 = 132

ಒಟ್ಟು 1,346. ಇವೆಲ್ಲ ಒಂದೇ ಜಾಗದಲ್ಲಿ ಹಾಯುವುದಿಲ್ಲ. ಅತಿ ದಟ್ಟಣೆಯ ತುಂಡಿನಲ್ಲಿ ಶೇ 55 ಎಂದರೆ 740 ಪಿಸಿಯು. ಎರಡು ಲೇನಿನ ಸಂಗ್ರಾಹಕ ರಸ್ತೆಗೆ ಅದೇ ಸಂಹಿತೆ ಕೊಡುವ ಸಾಮರ್ಥ್ಯ ಎರಡೂ ದಿಕ್ಕು ಸೇರಿ ಗಂಟೆಗೆ 900. ಅಂದರೆ ಎರಡು ಲೇನು ಸಾಕು.

ಮನೆಗಳು 5,000 ಆಗುವುದಿದ್ದರೆ ಸಂಖ್ಯೆ 1,480ಕ್ಕೆ ಏರುತ್ತದೆ. ಆಗ ನಾಲ್ಕು ಲೇನು ಎನ್ನುವುದು ಸಹಜ ಯೋಚನೆ, ಅದರ ಸಾಮರ್ಥ್ಯ 1,800. ಆದರೂ 500–800 ಮೀ ದೂರದಲ್ಲಿ ಸಮಾನಾಂತರವಾಗಿ ಇನ್ನೊಂದು ಎರಡು ಲೇನಿನ ರಸ್ತೆ ತರುವುದು ಮೇಲು. ಒಂದರಲ್ಲಿ ಪೈಪು ಒಡೆದರೆ ಇನ್ನೊಂದು ಇರುತ್ತದೆ, ಬಸ್ ನಿಲ್ದಾಣ ಹೆಚ್ಚು ಮನೆಗಳಿಗೆ ನಡೆಯುವ ದೂರದಲ್ಲಿ ಸಿಗುತ್ತದೆ, ಶಾಲಾ ಮಕ್ಕಳು ನಾಲ್ಕು ಲೇನು ದಾಟಬೇಕಿಲ್ಲ.

1983ರ ಐಆರ್‌ಸಿ:86 ಸಂಗ್ರಾಹಕ ರಸ್ತೆಗೆ 20–30 ಮೀ ನೆಲ ಹೇಳಿತ್ತು. ನಮ್ಮ ಎಷ್ಟೋ ಬಡಾವಣೆ ನಕ್ಷೆಗಳಲ್ಲಿ ಇರುವುದು 18 ಮೀ. ಹೊಸದಾಗಿ ಗುರುತಿಸುವಾಗ 24 ಮೀ ಕೇಳಿ. ಲೇನು ಹೆಚ್ಚಿಸಲು ಅಲ್ಲ. ಮರ, ಸೈಕಲ್, ಪಾರ್ಕಿಂಗ್, ಅಂಗಡಿ ಮುಂದಿನ ಜನ ಎಲ್ಲರೂ ಮುಂದೆ ಬಂದೇ ಬರುತ್ತಾರೆ. ಇಂದಿರಾನಗರದ 100 ಅಡಿ ರಸ್ತೆ ವಸತಿ ಬಡಾವಣೆಯ ರಸ್ತೆಯಾಗಿಯೇ ಶುರುವಾದದ್ದು. ಇಂದು ಅದರ ಎರಡೂ ಬದಿ ಅಂಗಡಿ, ಹೋಟೆಲು. ಅಗಲದ ರಸ್ತೆಗೆ ವ್ಯಾಪಾರ ತಾನಾಗಿ ಬರುತ್ತದೆ, ಅದಕ್ಕೆ ಜಾಗ ಬಿಡದಿದ್ದರೆ ಅದು ಫುಟ್‌ಪಾತ್ ತಿನ್ನುತ್ತದೆ.

ಅಗಲವನ್ನು ಹಂಚುವುದು

18 ಮೀಟರಿನಲ್ಲಿ ನಡುವೆ 7 ಮೀ ಗಾಡಿ ಓಡುವ ಜಾಗ, ಅದರ ಎರಡೂ ಬದಿ ತಲಾ 2 ಮೀ ಪಾರ್ಕಿಂಗ್ ಪಟ್ಟಿ, ಆಮೇಲೆ ತಲಾ 3.5 ಮೀ ಫುಟ್‌ಪಾತ್. ಈ ಮೂರೂವರೆ ಮೀಟರನ್ನು ಮತ್ತೆ ಮೂರಾಗಿ ಒಡೆಯಿರಿ: ಕರ್ಬ್ ಪಕ್ಕ 1 ಮೀ ಮರ ಮತ್ತು ಕಂಬಕ್ಕೆ, ನಡುವೆ 2 ಮೀ ನಡೆಯಲು, ಕಾಂಪೌಂಡ್ ಪಕ್ಕ 0.5 ಮೀ ಬಿಡುವು. ಐಆರ್‌ಸಿ:103 ನಡೆಯಲು ಕನಿಷ್ಠ 1.8 ಮೀ ಅಡೆತಡೆಯಿಲ್ಲದ ಅಗಲ ಕೇಳುತ್ತದೆ. ಕಂಬ, ಬೋರ್ಡು, ಟ್ರಾನ್ಸ್‌ಫಾರ್ಮರ್ ಕಟ್ಟೆ ಬಿಟ್ಟು ಉಳಿಯುವ ಅಗಲ ಅದು, ನಕ್ಷೆಯಲ್ಲಿ ಬಣ್ಣ ಬಳಿದ ಅಗಲ ಅಲ್ಲ.

24 ಮೀ ಸಿಕ್ಕರೆ ಅದೇ 7 ಮೀ, ಅದೇ ಪಾರ್ಕಿಂಗ್, ಜೊತೆಗೆ ಎರಡೂ ಬದಿ 2 ಮೀ ಸೈಕಲ್ ಪಥ ಮತ್ತು 4.5 ಮೀ ಫುಟ್‌ಪಾತ್. ನಡುವೆ ಡಿವೈಡರ್ ಬೇಡ. ಡಿವೈಡರ್ ಬಂದ ದಿನವೇ ಉಲ್ಟಾ ದಿಕ್ಕಿನಲ್ಲಿ ಸ್ಕೂಟರ್ ಓಡಿಸುವುದೂ ಶುರುವಾಗುತ್ತದೆ, ಏಕೆಂದರೆ ಯೂ-ಟರ್ನಿಗೆ ಯಾರೂ ಅರ್ಧ ಕಿಲೋಮೀಟರ್ ಹೋಗುವುದಿಲ್ಲ.

ಫುಟ್‌ಪಾತ್ ಸೋಲುವುದು ಮನೆಯ ಗೇಟಿನ ಮುಂದೆ. ಕರ್ಬ್ 150 ಮಿಮೀಗಿಂತ ಎತ್ತರ ಇರಬಾರದು. ಕಾರು ಹತ್ತಿಸುವ ಇಳಿಜಾರು ಪೂರ್ತಿ ಆ 1 ಮೀಟರಿನ ಮರದ ಪಟ್ಟಿಯೊಳಗೇ ಮುಗಿಯಬೇಕು: 1 ಮೀಟರಿಗೆ 150 ಮಿಮೀ ಏರು ಕಾರಿಗೆ ಕಷ್ಟವಲ್ಲ. ನಡೆಯುವ 2 ಮೀ ಎಲ್ಲ ಗೇಟುಗಳ ಮುಂದೆಯೂ ಒಂದೇ ಮಟ್ಟದಲ್ಲಿ ಹಾಯಬೇಕು. ಇದನ್ನು ಗುತ್ತಿಗೆದಾರರಿಗೆ ಬಿಟ್ಟರೆ ಪ್ರತಿ ಗೇಟಿಗೂ ಫುಟ್‌ಪಾತನ್ನು ಪೂರ್ತಿ ತಗ್ಗಿಸುತ್ತಾರೆ, ಹತ್ತು ಮೀಟರಿಗೊಮ್ಮೆ ಇಳಿದು ಹತ್ತುವ ಹಾದಿಯಲ್ಲಿ ಅಜ್ಜಿ ನಡೆಯುವುದಿಲ್ಲ, ರಸ್ತೆಗೆ ಇಳಿಯುತ್ತಾಳೆ. ಇನ್ನೊಂದು, ಮನೆಯವರು ತಮ್ಮ ಪ್ಲಿಂತ್ ಎತ್ತರಿಸಿ ಇಳಿಜಾರನ್ನು ಫುಟ್‌ಪಾತಿಗೆ ಚಾಚುವುದು. ಅಂತಿಮ ರಸ್ತೆ ಮಟ್ಟವನ್ನು ಪ್ರತಿ ಸೈಟಿನ ಮುಂದೆ ಬರೆದು, ಕಟ್ಟಡ ಪರವಾನಗಿಯಲ್ಲೇ ಅದನ್ನು ನಮೂದಿಸಿದರೆ ಇದು ತಪ್ಪುತ್ತದೆ.

ಮರಗಳಿಗೆ 8–10 ಮೀಟರಿಗೊಂದು ಗುಂಡಿ, 1 ಮೀ ಅಗಲ, 1.2 ಮೀ ಉದ್ದ, 1.2 ಮೀ ಆಳ. ಹೊಂಗೆ, ಬೇವು, ಹೊಳೆ ದಾಸವಾಳ ಚೆನ್ನಾಗಿ ಹೊಂದುತ್ತವೆ. ಗುಲ್‌ಮೊಹರ್ ನೋಡಲು ಚೆಂದ, ಮುಂಗಾರು ಪೂರ್ವ ಗಾಳಿಗೆ ಕೊಂಬೆ ಮುರಿಯುತ್ತದೆ; ನೇರಳೆ ಹಣ್ಣು ಉದುರಿದ ಕಡೆ ಸ್ಕೂಟರ್ ಜಾರುತ್ತದೆ. ದೀಪದ ಕಂಬಗಳನ್ನು ಎರಡು ಮರಗಳ ನಡುವೆ ಬರುವಂತೆ ಈಗಲೇ ಗುರುತಿಸಿ, ಇಲ್ಲವಾದರೆ ಹತ್ತು ವರ್ಷದ ಮೇಲೆ ಬೆಳಕು ಎಲೆಗಳಿಗೆ ಮಾತ್ರ ಬೀಳುತ್ತದೆ.

ಕೂಡುವ ಜಾಗ, ದಾಟುವ ಜಾಗ

ಬಡಾವಣೆಯ ಅಡ್ಡರಸ್ತೆಗಳು 60–100 ಮೀಟರಿಗೊಂದು ಸೇರಿದರೆ ಸರಿ. ಅಡ್ಡರಸ್ತೆ ಸೇರುವ ಮೂಲೆಯ ಕರ್ಬ್ ತ್ರಿಜ್ಯ 4–6 ಮೀ ಇರಲಿ. ಬಸ್ಸು ತಿರುಗುವ ಮೂಲೆಯಲ್ಲಿ ಮಾತ್ರ 9–12 ಮೀ. ದೊಡ್ಡ ತ್ರಿಜ್ಯ ಕೊಟ್ಟಷ್ಟೂ ಕಾರು ವೇಗ ಇಳಿಸದೆ ತಿರುಗುತ್ತದೆ, ದಾಟುವ ದೂರವೂ ಹೆಚ್ಚುತ್ತದೆ. ಮೂಲೆ ಸೈಟುಗಳ ಕಾಂಪೌಂಡನ್ನು ಓರೆಯಾಗಿ ಕತ್ತರಿಸುವ ನಿಯಮವನ್ನು ಬಿಗಿಯಾಗಿ ಪಾಲಿಸಿ. ಅಲ್ಲಿ ಆಳೆತ್ತರದ ಗೋಡೆ ಎದ್ದರೆ ಯಾವ ದೃಷ್ಟಿದೂರದ ಲೆಕ್ಕವೂ ಉಳಿಯುವುದಿಲ್ಲ.

ಎದುರು ಬದುರಿನ ಬಡಾವಣೆಗಳ ಅಡ್ಡರಸ್ತೆಗಳು ಎಂಟು ಹತ್ತು ಮೀಟರ್ ಜರುಗಿ ಸೇರುವುದು ತೀರಾ ಕೆಟ್ಟದ್ದು. ಒಂದೋ ಎದುರೆದುರೇ ಕೂಡಿಸಿ ಸಣ್ಣ ವೃತ್ತ ಮಾಡಿ, ಇಲ್ಲವೇ ಕನಿಷ್ಠ 30–40 ಮೀ ದೂರ ಮಾಡಿ ಎರಡು ಪ್ರತ್ಯೇಕ ಟೀ ಜಂಕ್ಷನ್ ಮಾಡಿ. ಎರಡನೆಯ ಬಡಾವಣೆಗೆ ಅನುಮೋದನೆ ಕೊಡುವ ದಿನ ಮೊದಲನೆಯದರ ನಕ್ಷೆ ಮೇಜಿನ ಮೇಲಿದ್ದರೆ ಇದು ಪೆನ್ಸಿಲಿನಲ್ಲಿ ಸರಿಹೋಗುವ ಕೆಲಸ.

ಸಣ್ಣ ಅಡ್ಡರಸ್ತೆಗಳ ಬಾಯಲ್ಲಿ ಫುಟ್‌ಪಾತನ್ನೇ ಅದೇ ಎತ್ತರದಲ್ಲಿ ಅಡ್ಡ ಒಯ್ಯಿರಿ. ಕಾರು ಹತ್ತಿ ಇಳಿಯಲಿ. ಮುಖ್ಯ ರಸ್ತೆ ದಾಟಲು 100–150 ಮೀಟರಿಗೊಂದು ಎತ್ತರಿಸಿದ ದಾಟುಜಾಗ, ಮೇಲಿನ ಚಪ್ಪಟೆ ಭಾಗ 3 ಮೀಟರಿಗೆ ಕಡಿಮೆ ಇಲ್ಲದಂತೆ. ಬಸ್ ಮಾರ್ಗವಾದರೆ ಎರಡೂ ಕಡೆಯ ಇಳಿಜಾರು 1:15ಕ್ಕಿಂತ ಮೆದುವಾಗಿರಬೇಕು. ಬರೀ ಹಂಪ್ ಹಾಕುವುದಿದ್ದರೆ ಐಆರ್‌ಸಿ:99ರ ಆಕಾರಕ್ಕೇ ಹಾಕಿ: 3.7 ಮೀ ಅಗಲ, ನಡುವೆ 100 ಮಿಮೀ ಎತ್ತರ, 17 ಮೀ ತ್ರಿಜ್ಯದ ಕಮಾನು. ರಾತ್ರೋರಾತ್ರಿ ನಿವಾಸಿಗಳು ಹಾಕಿಸುವ ಅರ್ಧ ಮೀಟರ್ ಅಗಲದ ದಿಮ್ಮಿ ಸೊಂಟ ಮುರಿಯುತ್ತದೆ, ಆ್ಯಂಬುಲೆನ್ಸ್ ನಿಲ್ಲಿಸುತ್ತದೆ. ವೇಗವನ್ನು ಮುಂದಿನ ಮೂವತ್ತು ಮೀಟರಿಗಷ್ಟೇ ತಗ್ಗಿಸುತ್ತದೆ.

ಬಸ್ ನಿಲ್ದಾಣ 400–500 ಮೀಟರಿಗೊಂದು, ಜಂಕ್ಷನ್ ದಾಟಿದ ಮೇಲೆ. ಬಸ್‌ಬೇ ಕೊರೆಯಬೇಡಿ. ಆ ಜಾಗದಲ್ಲಿ ಪಾರ್ಕಿಂಗ್ ಪಟ್ಟಿಯನ್ನು ನಿಲ್ಲಿಸಿ ಫುಟ್‌ಪಾತನ್ನೇ ಲೇನಿನವರೆಗೆ ಚಾಚಿ, 15 ಮೀ ಉದ್ದಕ್ಕೆ. ಬೇ ಮಾಡಿದರೆ ಅದರಲ್ಲಿ ಆಟೊ ನಿಲ್ಲುತ್ತದೆ, ಬಸ್ಸು ನಡುರಸ್ತೆಯಲ್ಲೇ ನಿಲ್ಲುತ್ತದೆ. ಜಂಕ್ಷನ್‌ನಿಂದ 10 ಮೀ ಒಳಗೆ ಪಾರ್ಕಿಂಗ್ ಇಲ್ಲ ಎಂದು ಬರೆಯುವುದಕ್ಕಿಂತ ಅಲ್ಲಿ ಪಟ್ಟಿಯನ್ನೇ ಮುಚ್ಚಿಬಿಡುವುದು ಖಚಿತ ಉಪಾಯ. ತಳ್ಳುಗಾಡಿಯವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಪಟ್ಟಣ ವ್ಯಾಪಾರ ಸಮಿತಿಯ ಒಪ್ಪಿಗೆಯೊಂದಿಗೆ ಇದೇ ಪಟ್ಟಿಯಲ್ಲಿ ಒಂದೆರಡು ತುಂಡು ಗುರುತಿಸಿ. ಜಾಗ ಕೊಡದಿದ್ದರೂ ಅವರು ಬರುತ್ತಾರೆ, ಫುಟ್‌ಪಾತಿನ ಮೇಲೆ.

ನೀರು ಹೋಗುವ ದಾರಿ

ಮೋರಿಯ ಅಳತೆಯನ್ನು ‘ಎಲ್ಲ ಕಡೆ ಎರಡಡಿ’ ಎಂದು ಬರೆದುಬಿಡುವುದು ರೂಢಿ. ಲೆಕ್ಕ ಕಷ್ಟದ್ದೇನಲ್ಲ. ಮೋರಿಗೆ ನೀರು ಬರುವ ಪ್ರದೇಶ 12 ಹೆಕ್ಟೇರ್, ಮನೆಗಳು ತುಂಬಿದ ಮೇಲೆ ಹರಿವಿನ ಗುಣಕ 0.65, ಮಳೆಯ ಬಿರುಸು ಗಂಟೆಗೆ 75 ಮಿಮೀ ಎಂದಿಟ್ಟುಕೊಂಡರೆ, 12 × 0.65 × 75 ÷ 360 = ಸೆಕೆಂಡಿಗೆ 1.6 ಘನ ಮೀಟರ್. 1 ಮೀ ಅಗಲದ ಕಾಂಕ್ರೀಟ್ ಮೋರಿ, 0.8 ಮೀ ಆಳಕ್ಕೆ ನೀರು, 200ಕ್ಕೆ 1ರ ಇಳಿಜಾರು ಇದ್ದರೆ ಸುಮಾರು 1.7 ಘನ ಮೀಟರ್ ಒಯ್ಯುತ್ತದೆ; ಸಾಕು. ಅದೇ ಮೋರಿಯನ್ನು 800ಕ್ಕೆ 1ರ ಇಳಿಜಾರಿನಲ್ಲಿ ಕಟ್ಟಿದರೆ ಒಯ್ಯುವುದು ಅರ್ಧ ಮಾತ್ರ. ಮಳೆಯ ಬಿರುಸಿನ ಅಂಕಿ ನಿಮ್ಮ ಊರಿನದೇ ಇರಬೇಕು; ಬೆಂಗಳೂರಿನ ಅಂಕಿಯಲ್ಲಿ ಉಡುಪಿಯ ಮೋರಿ ಕಟ್ಟಲಾಗದು.

ಮೋರಿಯ ತಳ ರಾಜಕಾಲುವೆಯ ಪ್ರವಾಹ ಮಟ್ಟಕ್ಕಿಂತ ಮೇಲೆ ಸೇರಬೇಕು. ಕೆಳಗೆ ಸೇರಿದರೆ ಕಾಲುವೆ ತುಂಬಿದಾಗ ನೀರು ಹಿಮ್ಮುಖವಾಗಿ ಬಡಾವಣೆಗೆ ನುಗ್ಗುತ್ತದೆ. ಆದ್ದರಿಂದ ಮಟ್ಟವನ್ನು ಕೊನೆಯಿಂದ, ಅಂದರೆ ಕಾಲುವೆಯಿಂದ ಹಿಂದಕ್ಕೆ ಎಳೆದುಕೊಂಡು ಬನ್ನಿ.

ರಸ್ತೆಯಿಂದ ಮೋರಿಗೆ ನೀರು ಇಳಿಯುವ ಕಿಂಡಿಗಳನ್ನು ನೋಡಿ. ಎಷ್ಟೋ ಕಡೆ ಮೋರಿ ಭರ್ಜರಿಯಾಗಿರುತ್ತದೆ, ಕಿಂಡಿ ಮಾತ್ರ 100 ಮಿಮೀ ಪಿವಿಸಿ ಪೈಪಿನ ತುಂಡು. ಒಂದು ಚಿಪ್ಸ್ ಪೊಟ್ಟಣ ಸಾಕು ಅದನ್ನು ಮುಚ್ಚಲು. ಕರ್ಬಿನಲ್ಲಿ 500 ಮಿಮೀ ಅಗಲದ ಬಾಯಿ, ಅದರ ಮುಂದೆ 50 ಮಿಮೀ ತಗ್ಗು, ಹಿಂದೆ ಹೂಳು ಕೂರುವ ಸಣ್ಣ ಗುಂಡಿ, ಮೇಲೆ ಒಬ್ಬರೇ ಎತ್ತಬಲ್ಲ ಮುಚ್ಚಳ. ಹೀಗೆ 10–15 ಮೀಟರಿಗೊಂದು, ತಗ್ಗಿನ ಜಾಗದಲ್ಲಿ ಒಂದರ ಪಕ್ಕ ಎರಡು. ರಸ್ತೆಯ ಅಡ್ಡ ಇಳಿಜಾರು ಶೇ 2–2.5.

ನೆಲದಡಿಯ ಹಂಚಿಕೆ

ಮೇಲಿನ 18 ಮೀಟರಿನಲ್ಲಿ ಎಲ್ಲವೂ ಹಿಡಿಸಬೇಕು, ಆದರೆ ಗಾಡಿ ಓಡುವ 7 ಮೀಟರಿನಡಿ ಉದ್ದಕ್ಕೆ ಏನೂ ಇರಬಾರದು. ಮಳೆನೀರು ಮೋರಿ ನಡೆಯುವ ಪಟ್ಟಿಯಡಿ: ಒಳಗಿನ 1 ಮೀ, ಎರಡು ಗೋಡೆ ತಲಾ 150 ಮಿಮೀ, ಒಟ್ಟು 1.3 ಮೀ. ಆ ಪಟ್ಟಿಯಲ್ಲಿ ಉಳಿದ 0.7 ಮೀಟರಿನಲ್ಲಿ ಎಲ್‌ಟಿ (ಕಡಿಮೆ ಒತ್ತಡದ ವಿದ್ಯುತ್) ಕೇಬಲ್ ಮತ್ತು ಇಂಟರ್ನೆಟ್‌ ಡಕ್ಟ್‌ಗಳು. ಕಾಂಪೌಂಡ್ ಪಕ್ಕದ ಅರ್ಧ ಮೀಟರಿನಲ್ಲಿ ಕುಡಿಯುವ ನೀರಿನ ಪೈಪು, 1 ಮೀ ಆಳದಲ್ಲಿ. ಒಂದು ಬದಿಯ ಪಾರ್ಕಿಂಗ್ ಪಟ್ಟಿಯಡಿ ಯುಜಿಡಿ, ಇನ್ನೊಂದು ಬದಿಯದರಡಿ 11 ಕೆವಿ ಕೇಬಲ್. ಹೀಗಾದಾಗ ನೀರಿನ ಪೈಪಿಗೂ ಯುಜಿಡಿಗೂ ಅಡ್ಡಲಾಗಿ ಬೇಕಾದ 3 ಮೀ ಅಂತರ ಸಿಗುತ್ತದೆ, ಮ್ಯಾನ್‌ಹೋಲ್ ಮುಚ್ಚಳ ಚಕ್ರದ ಹಾದಿಗೆ ಬರುವುದಿಲ್ಲ. ಯುಜಿಡಿ 150 ಮಿಮೀ ಕೊಳವೆಗೆ ಇಳಿಜಾರು ಕನಿಷ್ಠ 170ಕ್ಕೆ 1, 200 ಮಿಮೀಗೆ 250ಕ್ಕೆ 1. ಮ್ಯಾನ್‌ಹೋಲ್ 30 ಮೀಟರಿಗೊಂದು. ಟೆಂಡರ್‌ಶ್ಯೂರ್ ಮಾದರಿಯಲ್ಲಿ ಹೊಸದಾಗಿ ಕಟ್ಟಿದ ಬೆಂಗಳೂರಿನ ರಸ್ತೆಗಳಲ್ಲಿ, ಉದಾಹರಣೆಗೆ ರೆಸಿಡೆನ್ಸಿ ರಸ್ತೆಯಲ್ಲಿ, ಕೇಬಲ್ಲುಗಳನ್ನು ಫುಟ್‌ಪಾತಿನಡಿಯ ಡಕ್ಟಿಗೆ ಸೇರಿಸಿದ್ದು ಇದೇ ತರ್ಕದಿಂದ.

ಮರೆಯುವುದು ಅಡ್ಡ ಪೈಪುಗಳನ್ನು. ಪ್ರತಿ 50 ಮೀಟರಿಗೆ ರಸ್ತೆಯಡಿ 160 ಮಿಮೀಯ ನಾಲ್ಕು ಖಾಲಿ ಪೈಪು, ಎಲ್ಲ ಜಂಕ್ಷನ್‌ಗಳಲ್ಲಿ ಇನ್ನೆರಡು ಹೆಚ್ಚು, ಎರಡೂ ತುದಿಗೆ ಚೇಂಬರ್. ಮುಂದೆ ಸಿಗ್ನಲ್ ಬಂದರೂ ಅಗೆಯಬೇಕಿಲ್ಲ. ಖಾಲಿ ಸೈಟುಗಳಿಗೂ ನೀರು ಮತ್ತು ಯುಜಿಡಿ ತುಂಡನ್ನು ಡಾಂಬರಿಗೆ ಮೊದಲೇ ಕಾಂಪೌಂಡ್‌ವರೆಗೆ ತಂದು ಮುಚ್ಚಿಡಿ, ಜಾಗದ ಗುರುತನ್ನು ಕರ್ಬಿನ ಮೇಲೆ ಕೆತ್ತಿ. ಟ್ರಾನ್ಸ್‌ಫಾರ್ಮರ್‌ಗಳಿಗೆ ಉದ್ಯಾನದ ಮೂಲೆಯಲ್ಲೋ ಸಿಎ (ನಾಗರಿಕ ಸೌಲಭ್ಯ) ಸೈಟಿನಲ್ಲೋ ಜಾಗ ಕೇಳಿ ಪಡೆಯಿರಿ. ಇಷ್ಟನ್ನು ಬಿಟ್ಟು ಅಲಂಕಾರದ ದೀಪ, ಗ್ರಾನೈಟ್ ಹಾಸಿಗೆ ಹಣ ಸುರಿಯುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ಮಣ್ಣು, ಜಲ್ಲಿ, ಡಾಂಬರು

200–300 ಮೀಟರಿಗೊಂದು ಗುಂಡಿ ತೋಡಿ ಸಿಬಿಆರ್ (ಮಣ್ಣಿನ ಭಾರ ಹೊರುವ ಶಕ್ತಿಯ) ಪರೀಕ್ಷೆ ಮಾಡಿಸಿ. ಕೆಂಪು ಮಣ್ಣು, ಗರಸು ಇದ್ದರೆ ಚಿಂತೆಯಿಲ್ಲ. ಹುಬ್ಬಳ್ಳಿ, ಗದಗ, ವಿಜಯಪುರದ ಎರೆ ಮಣ್ಣಿನಲ್ಲಿ ನೆನೆಸಿದ ಸಿಬಿಆರ್ 2–3 ಬರುವುದು ಸಾಮಾನ್ಯ. ಅಲ್ಲಿ 500 ಮಿಮೀ ತೆಗೆದು ಗರಸು ತುಂಬಿಸಿ, ಅಥವಾ ಶೇ 3–5 ಸುಣ್ಣ ಬೆರೆಸಿ ಗಟ್ಟಿಮಾಡಿ. ಎರೆ ಮಣ್ಣಿನ ಮೇಲೆ ಎಷ್ಟು ದಪ್ಪ ಡಾಂಬರು ಹಾಕಿದರೂ ಬೇಸಗೆಯಲ್ಲಿ ಉದ್ದ ಬಿರುಕು, ಮಳೆಗಾಲದಲ್ಲಿ ಉಬ್ಬು. ಕೆರೆ ಅಂಗಳ, ಗದ್ದೆ ಬಯಲಿನ ತುಂಡಿಗೂ ಇದೇ ಎಚ್ಚರ.

ಮಣ್ಣಿನ ಮೇಲ್ಪದರ 500 ಮಿಮೀ ಶೇ 97 ಸಾಂದ್ರತೆಗೆ ಬರಬೇಕು. ಸಿಬಿಆರ್ 8ರ ಆಸುಪಾಸಿನ ಮಣ್ಣಿಗೆ 200 ಮಿಮೀ ಜಿಎಸ್‌ಬಿ (ತಳದ ಜಲ್ಲಿ ಪದರ), 250 ಮಿಮೀ ವೆಟ್ ಮಿಕ್ಸ್ (ನೀರು ಬೆರೆಸಿದ ಜಲ್ಲಿ), 60 ಮಿಮೀ ಡಿಬಿಎಂ (ಕೆಳಗಿನ ಡಾಂಬರು ಪದರ), 40 ಮಿಮೀ ಬಿಟುಮಿನಸ್ ಕಾಂಕ್ರೀಟ್ (ಮೇಲಿನ ಡಾಂಬರು ಪದರ) ಎಂಬುದು ಅಂದಾಜಿಗೆ ಇಟ್ಟುಕೊಳ್ಳಬಹುದಾದ ಅಳತೆ. ಅಂತಿಮ ದಪ್ಪವನ್ನು ಐಆರ್‌ಸಿ:37ರಂತೆ ಲೆಕ್ಕ ಹಾಕಿಸಿ. ವೆಟ್ ಮಿಕ್ಸನ್ನು ಎರಡು ಪದರದಲ್ಲಿ ಹಾಸಬೇಕು, ಒಂದೇ ಸಲ 250 ಮಿಮೀ ಹಾಸಿದರೆ ಕೆಳಗಿನ ಅರ್ಧ ಸಡಿಲ ಉಳಿಯುತ್ತದೆ. ವಿಜಿ-30 ದರ್ಜೆಯ ಡಾಂಬರು ಮಿಶ್ರಣ ಹಾಸುವಾಗ 140 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗಿದ್ದರೆ ಲೋಡನ್ನು ವಾಪಸ್ ಕಳಿಸಿ. ಥರ್ಮಾಮೀಟರ್ ಸೈಟ್ ಎಂಜಿನಿಯರ್ ಕೈಯಲ್ಲಿರಲಿ, ಕಚೇರಿಯ ಬೀರುವಿನಲ್ಲಲ್ಲ.

ಬೆಳೆಯುವ ಬಡಾವಣೆಗೇ ವಿಶೇಷವಾದ ಸಂಗತಿ ಇದು: ರಸ್ತೆಗೆ ಅತಿ ಭಾರ ಬೀಳುವುದು ಮೊದಲ ಕೆಲವು ವರ್ಷ. ಎಂ-ಸ್ಯಾಂಡ್ ಟಿಪ್ಪರು, ರೆಡಿಮಿಕ್ಸ್ ಲಾರಿ, ಕಬ್ಬಿಣದ ಲೋಡು, ನೀರಿನ ಟ್ಯಾಂಕರು. ಹಾಗಾಗಿ ಮೊದಲು ಡಿಬಿಎಂವರೆಗೆ ಹಾಕಿ, ಮೇಲೆ ನೀರು ಇಳಿಯದಂತೆ ಸೀಲ್ ಕೋಟ್ ಕೊಟ್ಟು ಬಿಡಿ. ಸೈಟುಗಳು ಅರ್ಧಕ್ಕಿಂತ ಹೆಚ್ಚು ತುಂಬಿದ ಮೇಲೆ, ಗುಂಡಿಗಳನ್ನು ಕತ್ತರಿಸಿ ತುಂಬಿ, ಕೊನೆಯ 40 ಮಿಮೀ ಹಾಕಿ. ಆ 40 ಮಿಮೀಗೆ ಕರ್ಬ್, ಕಿಂಡಿ, ಮ್ಯಾನ್‌ಹೋಲ್ ಮಟ್ಟಗಳನ್ನು ಮೊದಲೇ ಬಿಟ್ಟಿರಬೇಕು. ಎರಡನೆಯ ಹಂತದ ಹಣವನ್ನು ಅದೇ ಅಂದಾಜುಪಟ್ಟಿಯಲ್ಲಿ ಕಾದಿರಿಸಿ, ಇಲ್ಲವಾದರೆ ಸೀಲ್ ಕೋಟೇ ಕಾಯಂ ಆಗುತ್ತದೆ.

ಕೆಲಸದ ಕ್ರಮ

ಮೊದಲು ಕಾಲುವೆ ದಾಟುವ ಕಲ್ವರ್ಟು, ಆಮೇಲೆ ಯುಜಿಡಿ, ಮೋರಿ, ನೀರಿನ ಪೈಪು, ಅಡ್ಡ ಪೈಪು, ಕೇಬಲ್ ಡಕ್ಟು, ಕರ್ಬ್, ಜಿಎಸ್‌ಬಿ, ವೆಟ್ ಮಿಕ್ಸ್, ಡಿಬಿಎಂ, ಕೊನೆಗೆ ಫುಟ್‌ಪಾತ್ ಹಾಸು ಮತ್ತು ಗಿಡ. ಗಿಡ ಮಾತ್ರ ಜೂನ್‌ಗೆ ಹೊಂದುವಂತೆ ನೋಡಿ. ಕಾಲುವೆ ದಾಟುವ ಕೆಲಸ ಜನವರಿಯಿಂದ ಮೇ ಒಳಗೆ ಮುಗಿಯಬೇಕು. ಟೆಂಡರ್ ಕರೆಯುವ ಮುಂಚೆ ಜಲಮಂಡಳಿ ಅಥವಾ ಒಳಚರಂಡಿ ಮಂಡಳಿ, ಎಸ್ಕಾಂ, ಗ್ಯಾಸ್ ಕಂಪನಿ, ಟೆಲಿಕಾಂನವರನ್ನು ಒಂದೇ ಮೇಜಿಗೆ ಕೂರಿಸಿ, ಒಂದೇ ಕ್ರಾಸ್ ಸೆಕ್ಷನ್ ಹಾಳೆಗೆ ಎಲ್ಲರ ಸಹಿ ಪಡೆಯಿರಿ. ಬೇರೆ ಬೇರೆ ಪತ್ರ ವ್ಯವಹಾರ ಮಾಡಿದರೆ ಎಲ್ಲರೂ ಒಪ್ಪುತ್ತಾರೆ, ಎಲ್ಲರ ಪೈಪೂ ಒಂದೇ ಜಾಗಕ್ಕೆ ಬರುತ್ತದೆ.

ಮೊದಲ ದೊಡ್ಡ ಮಳೆ ಸುರಿಯುವಾಗಲೇ, ನಿಂತ ಮೇಲಲ್ಲ, ಇಡೀ ಉದ್ದ ನಡೆದು ನೀರು ನಿಂತ ಜಾಗಗಳಿಗೆ ಕರ್ಬಿನ ಮೇಲೆ ಬಣ್ಣದಿಂದ ಗುರುತು ಹಾಕಿ. ಆ ಪಟ್ಟಿಯನ್ನು ದೋಷ ಹೊಣೆಯ ಅವಧಿ (ಗುತ್ತಿಗೆದಾರರೇ ದುರಸ್ತಿ ಮಾಡಿಕೊಡಬೇಕಾದ ಕಾಲ) ಮುಗಿಯುವ ಮೊದಲೇ ಗುತ್ತಿಗೆದಾರರಿಗೆ ಫೋಟೊ ಸಮೇತ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಅಂತಿಮ ಬಿಲ್ ಪಾಸಾಗುವುದು ಅದರ ಮೇಲೆ ನಿಂತಿರಲಿ.